ಕೇಳಿಸದ ಮಾತಿಗೆ ಒಂದು ಗೆರೆ

2025ರ ಫೆಬ್ರುವರಿ 14ಕ್ಕೆ ನನ್ನ ಕೆಲಸ ಹೋಯಿತು. ಹದಿಮೂರು ವರ್ಷ ಏಳು ತಿಂಗಳು ಮಾಡಿದ ಕೆಲಸ. ಬೆಳಗ್ಗೆ ಹನ್ನೊಂದಕ್ಕೆ ಫೋನಿನಲ್ಲಿ ಮೀಟಿಂಗ್ ಶುರುವಾಯಿತು, ಹನ್ನೊಂದೂ ಕಾಲಿಗೆ ಮುಗಿಯಿತು. ಕಣದಲ್ಲಿ ಅಮ್ಮ ಕಾಫಿ ಹರಡುತ್ತಿದ್ದರು. ನಾನೂ ಹೋಗಿ ಜೊತೆಗೆ ಹರಡಿದೆ. ಮಧ್ಯಾಹ್ನ ಊಟಕ್ಕೆ ಕೂತಾಗಲೇ ಮನೆಯಲ್ಲಿ ಹೇಳಿದ್ದು.

ನಮ್ಮ ಮನೆ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ, ಮಡಿಕೇರಿ-ಕುಶಾಲನಗರ ರಸ್ತೆ ಬಿಟ್ಟು ಮೂರು ಕಿಲೋಮೀಟರ್. ಎರಡೂವರೆ ಎಕರೆ ರೋಬಸ್ಟಾ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಕರಿಮೆಣಸು. ಅಪ್ಪ ಹತ್ತಿರದ ಎಸ್ಟೇಟಿನಲ್ಲಿ 32 ವರ್ಷ ರೈಟರ್ ಆಗಿದ್ದವರು. ರೈಟರ್ ಅಂದರೆ ಹೊರಗಿನವರಿಗೆ ಬೇರೆ ಅರ್ಥ ಬರಬಹುದು. ಎಸ್ಟೇಟಿನಲ್ಲಿ ಕೂಲಿಯವರ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ, ಕುಯ್ದ ಕಾಫಿಯ ತೂಕ ಎಲ್ಲ ಬರೆದಿಡುವವರು ರೈಟರ್. ಅಪ್ಪನ ಚೆಕ್‌ರೋಲ್ ಪುಸ್ತಕ ನನಗೆ ಚಿಕ್ಕಂದಿನಿಂದ ಗೊತ್ತು. ಉದ್ದನೆಯ ಪುಸ್ತಕ. ಎಡಗಡೆ ಹೆಸರು, ಮೇಲೆ ತಾರೀಕು. ಬಂದವರಿಗೆ ಒಂದು, ಅರ್ಧ ದಿನಕ್ಕೆ ಅರ್ಧ, ಬರದವರ ಖಾನೆ ಖಾಲಿ. ಸಂಜೆ ಯಾರಾದರೂ ಲೈನ್ ಮನೆಯಿಂದ ಬಂದು "ರೈಟರೇ, ಬುಧವಾರ ನಾನು ಬಂದಿದ್ದೆ, ಬಿಟ್ಟುಹೋಗಿದೆ" ಅಂದರೆ ಅಪ್ಪ ಇಲ್ಲ ಅನ್ನುತ್ತಿರಲಿಲ್ಲ. ಆದರೆ ಪೆನ್ನೂ ತೆಗೆಯುತ್ತಿರಲಿಲ್ಲ. ಮಾರನೇ ದಿನ ಮೇಸ್ತ್ರಿಯನ್ನು ಕೇಳಿ, ಆಮೇಲೆ ತುಂಬುತ್ತಿದ್ದರು. ತಮಗೆ ಗೊತ್ತಿಲ್ಲದ್ದನ್ನು ಅಂದಾಜಿನ ಮೇಲೆ ತುಂಬಿದ್ದನ್ನು ನಾನು ನೋಡಿಲ್ಲ.

ನನ್ನ ಕೆಲಸದ ಹೆಸರು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಬಿ.ಎಸ್ಸಿ ಮುಗಿಸಿ 2011ರ ಜುಲೈನಲ್ಲಿ ಮೈಸೂರಿಗೆ ಹೋಗಿ ಸೇರಿದೆ. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ, ಏನು ತೊಂದರೆ, ಏನು ಔಷಧಿ ಅಂತ ಮಾತಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಆ ಧ್ವನಿ ನಮಗೆ ಬರುತ್ತದೆ. ನಾವು ಕೇಳಿ ಟೈಪ್ ಮಾಡಿ ಕಳಿಸುತ್ತೇವೆ. ಅವರ ಹಗಲು ನಮಗೆ ರಾತ್ರಿ, ಹಾಗಾಗಿ ಅವರು ಮಲಗಿ ಏಳುವುದರೊಳಗೆ ವರದಿ ಸಿದ್ಧವಾಗಿರಬೇಕು. ಕಿವಿಗೆ ಹೆಡ್‌ಫೋನ್, ಕಾಲ ಕೆಳಗೆ ಪೆಡಲ್. ಹೊಲಿಗೆ ಮೆಷಿನ್ ಪೆಡಲ್ ಥರಾನೇ. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಪಕ್ಕಕ್ಕೆ ಒತ್ತಿದರೆ ಎರಡು ಸೆಕೆಂಡ್ ಹಿಂದೆ ಹೋಗುತ್ತದೆ. ಆ ಎರಡು ಸೆಕೆಂಡಿನಲ್ಲೇ ನನ್ನ ಅರ್ಧ ಬದುಕು ಹೋಯಿತು. ಒಂದೇ ಪದವನ್ನು ಹತ್ತು ಸಲ, ಹದಿನೈದು ಸಲ ಕೇಳುವುದು. ಡಾಕ್ಟರ್ ಬಾಯಲ್ಲಿ ಏನೋ ಅಗಿಯುತ್ತಾ ಇರುತ್ತಾರೆ, ಹಿಂದೆ ಯಾರೋ ನಗುತ್ತಾರೆ, ಲಿಫ್ಟ್ ಬಾಗಿಲು ಮುಚ್ಚುತ್ತದೆ. ಅದರ ನಡುವೆ ಒಂದು ಮಾತ್ರೆಯ ಹೆಸರು.

ಟ್ರೈನಿಂಗ್‌ನ ಮೊದಲ ವಾರ ಹೇಳಿಕೊಟ್ಟ ಮಾತು ಒಂದೇ. ಕೇಳಿಸದಿದ್ದರೆ ಗೆರೆ ಎಳೆ, ಊಹಿಸಬೇಡ. ಕೇಳಿಸದ ಪದದ ಜಾಗದಲ್ಲಿ ಅಡ್ಡಗೆರೆ ಹಾಕಿ, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ ಪಕ್ಕದಲ್ಲಿ ಬರೆಯಬೇಕು. ಮೇಲಿನವರು ಇನ್ನೊಮ್ಮೆ ಕೇಳುತ್ತಾರೆ. ಅವರಿಗೂ ಗೊತ್ತಾಗದಿದ್ದರೆ ಅದು ಗೆರೆಯಾಗಿಯೇ ಡಾಕ್ಟರಿಗೆ ವಾಪಸ್ ಹೋಗುತ್ತದೆ. ಯಾಕೆ ಅಂದರೆ ಹೈಪರ್‌ಟೆನ್ಷನ್ ಅಂದರೆ ಬಿಪಿ ಜಾಸ್ತಿ, ಹೈಪೋಟೆನ್ಷನ್ ಅಂದರೆ ಬಿಪಿ ಕಡಿಮೆ. ವೇಗವಾಗಿ ಹೇಳಿದರೆ ಎರಡೂ ಒಂದೇ. ಡಿಸ್ಫೇಜಿಯಾ ಅಂದರೆ ನುಂಗಲು ಕಷ್ಟ, ಡಿಸ್ಫೇಸಿಯಾ ಅಂದರೆ ಮಾತಾಡಲು ಕಷ್ಟ. ನಡುವೆ ಒಂದು ಅಕ್ಷರ. ಆ ಕಡೆ ಮಲಗಿರುವವರು ಯಾರದೋ ಅಮ್ಮ ಅಲ್ವಾ?

ನಮ್ಮ ಸಂಬಳ ಸಾಲಿನ ಲೆಕ್ಕದಲ್ಲಿ. ಜಾಗ ಬಿಟ್ಟಿದ್ದೂ ಸೇರಿ 65 ಅಕ್ಷರ ಆದರೆ ಒಂದು ಸಾಲು, ಒಂದು ಲೈನ್. ಅಪ್ಪನಿಗೆ ಲೈನ್ ಅಂದರೆ ಕೂಲಿಯವರ ಮನೆಗಳ ಸಾಲು, ನನಗೆ 65 ಅಕ್ಷರ. ಫೋನಿನಲ್ಲಿ "ಇವತ್ತು ಎಷ್ಟು ಲೈನ್ ಆಯ್ತು?" ಅಂತ ಅಪ್ಪ ಕೇಳುತ್ತಿದ್ದರು. ಬಟವಾಡೆ ಮಾಡಿದವರಿಗೆ ಅದು ಬೇಗ ಅರ್ಥವಾಯಿತು.

ಈ ಕೆಲಸ ಒಂದೇ ದಿನದಲ್ಲಿ ಹೋಗಲಿಲ್ಲ. ಸ್ವಲ್ಪ ಸ್ವಲ್ಪವೇ ಸವೆಯಿತು, ಪ್ರತಿ ಸಲ ಹೊಸ ಹೆಸರು ಇಟ್ಟುಕೊಂಡು. 2009ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂದಿತ್ತು. ರೋಗಿಗಳ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿದ ಡಾಕ್ಟರಿಗೆ, ಆಸ್ಪತ್ರೆಗೆ ಸರ್ಕಾರವೇ ದುಡ್ಡು ಕೊಡುವ ಕಾನೂನು. ಡಾಕ್ಟರುಗಳು ಮಾತಾಡುವುದು ಬಿಟ್ಟು ತಾವೇ ಪರದೆಯ ಮೇಲೆ ಟಿಕ್ ಹಾಕಲು ಶುರುಮಾಡಿದರು. ನಾನು ಸೇರುವಾಗಲೇ ಅದು ಶುರುವಾಗಿತ್ತು, ನಮಗೆ ಗೊತ್ತಿರಲಿಲ್ಲ. 2016ರ ಹೊತ್ತಿಗೆ ಧ್ವನಿಯನ್ನು ಮೊದಲು ಕಂಪ್ಯೂಟರೇ ಬರೆಯತೊಡಗಿತು. ನಾವು ತಿದ್ದಬೇಕು. ನನಗೆ ಎಡಿಟರ್ ಅಂತ ಹೆಸರು ಬಂತು, ಮನೆಯಲ್ಲಿ ಪ್ರಮೋಷನ್ ಅಂದುಕೊಂಡರು. ತಿದ್ದಿದ ಸಾಲಿಗೆ ಸಿಗುತ್ತಿದ್ದುದು ಟೈಪ್ ಮಾಡಿದ ಸಾಲಿನ ಅರ್ಧ. 2020ರಲ್ಲಿ ಕೊರೊನಾ ಬಂದಾಗ ಕಂಪ್ಯೂಟರ್ ಹೊತ್ತುಕೊಂಡು ಊರಿಗೆ ಬಂದೆ, ಮನೆಯಿಂದಲೇ ಕೆಲಸ. ಆಮೇಲೆ ನಮಗೆ ಇಟ್ಟ ಹೆಸರು ಕ್ವಾಲಿಟಿ ರಿವ್ಯೂ. ಹತ್ತು ವರದಿಯಲ್ಲಿ ಒಂದನ್ನು ಮಾತ್ರ ನೋಡುವುದು. ಉಳಿದ ಒಂಬತ್ತು ನೇರ ಹೋಗುತ್ತಿದ್ದವು.

ಒಂದು ವಿಷಯ ಹೇಳಲೇಬೇಕು. ಆ ಕಂಪ್ಯೂಟರ್ ಚೆನ್ನಾಗಿಯೇ ಬರೆಯುತ್ತಿತ್ತು. ಕೊನೇ ವರ್ಷಗಳಲ್ಲಂತೂ ನನಗಿಂತ ವೇಗ, ಕಾಗುಣಿತ ತಪ್ಪೇ ಇಲ್ಲ. ಆದರೆ ಅದು ಗೆರೆ ಎಳೆಯುತ್ತಿರಲಿಲ್ಲ. ಒಮ್ಮೆ ಡಾಕ್ಟರ್ ಕೆಮ್ಮಿದ ಜಾಗದಲ್ಲಿ ಒಂದು ಪೂರ್ತಿ ವಾಕ್ಯವೇ ಇತ್ತು. ರೋಗಿಗೆ ಅಲರ್ಜಿ ಇಲ್ಲ ಅಂತ. ನಾನು ಪೆಡಲ್ ಒತ್ತಿ ಹಿಂದೆ ಹೋಗಿ ಹೋಗಿ ಕೇಳಿದೆ. ಕೆಮ್ಮು. ಬರೀ ಕೆಮ್ಮು. ಆ ವಾಕ್ಯ ಅಳಿಸಿ ಗೆರೆ ಎಳೆದು ಕಳಿಸಿದೆ. ಆ ದಿನ ಅದು ನನ್ನ ಪಾಲಿನ ಹತ್ತನೆಯದ್ದಾಗಿತ್ತು. ಉಳಿದ ಒಂಬತ್ತರಲ್ಲಿ ಇದ್ದಿದ್ದರೆ ಅನ್ನೋದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಕೆಲಸ ಹೋದ ಮೇಲೆ ಲೆಕ್ಕ ಚುಕ್ತಾ ಮಾಡಿದ ಕಾಗದ ಬಂತು. ಅಪ್ಪ ಕೈಗೆ ತಗೊಂಡು ಓದಿದರು. ಗ್ರಾಚ್ಯುಟಿ 1,05,000 ಅಂತ ಇತ್ತು. ನನ್ನ ಮೂಲ ವೇತನ 14,000. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದದ್ದನ್ನು ಎಷ್ಟು ವರ್ಷ ದುಡಿದಿದ್ದೇವೋ ಅಷ್ಟರಿಂದ ಗುಣಿಸಬೇಕು. ಅವರು 13 ವರ್ಷ ಹಿಡಿದಿದ್ದರು. ಅಪ್ಪ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ, "ಏಳು ತಿಂಗಳು ಎಲ್ಲಿ ಹೋಯ್ತು?" ಅಂದರು. ಐದು ವರ್ಷ ಮೇಲ್ಪಟ್ಟು ದುಡಿದವರಿಗೆ, ಕೊನೆಯಲ್ಲಿ ಉಳಿದ ತಿಂಗಳು ಆರು ದಾಟಿದರೆ ಅದನ್ನೂ ಪೂರ್ತಿ ಒಂದು ವರ್ಷ ಅಂತ ಹಿಡಿಯಬೇಕು. 1972ರ ಗ್ರಾಚ್ಯುಟಿ ಕಾನೂನಿನ ಕಾಲದಿಂದಲೂ ಇರುವ ನಿಯಮ ಇದು. ಎಸ್ಟೇಟಿನಲ್ಲಿ ಎಷ್ಟೋ ಜನ ಕೂಲಿಯವರು ನಿವೃತ್ತಿ ಆಗುವಾಗ ಈ ಲೆಕ್ಕ ಬರೆದುಕೊಟ್ಟವರು ಅಪ್ಪ. ಅವರು ಹೇಳಿದ ಹಾಗೆ ಮೇಲ್ ಬರೆದೆ. ಹನ್ನೆರಡು ದಿನಕ್ಕೆ 14 ವರ್ಷದ ಲೆಕ್ಕದಲ್ಲಿ 1,13,077 ಬಂತು. 8,077 ರೂಪಾಯಿ ಜಾಸ್ತಿ. ನಿಮ್ಮದೂ ಇದ್ದರೆ ಒಮ್ಮೆ ನೋಡಿಕೊಳ್ಳಿ. ಹಾಗೇ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಕು ಬಿದ್ದಿದೆಯಾ ಅಂತಲೂ ನೋಡಿ. ಅವರು ಹಾಕದಿದ್ದರೆ ಎರಡು ತಿಂಗಳಾದ ಮೇಲೆ ನಾವೇ ಆನ್‌ಲೈನ್‌ನಲ್ಲಿ ಹಾಕಬಹುದು.

ಆಮೇಲೆ ಕೆಲಸ ಹುಡುಕಾಟ. ಎಂಟು ತಿಂಗಳು. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಪ್ಪನ ಚೆಕ್‌ರೋಲ್ ಥರಾನೇ ಗೆರೆ ಹಾಕಿದೆ. ಎಡಕ್ಕೆ ಕಂಪನಿ, ಮೇಲೆ ತಾರೀಕು, ಉತ್ತರ ಬಂದರೆ ಒಂದು. 41 ಅರ್ಜಿ ಹಾಕಿದೆ. ಆರು ಖಾನೆಯಲ್ಲಿ ಒಂದು ಬಿತ್ತು. ಉಳಿದದ್ದು ಖಾಲಿ. ಬೇಡ ಅಂತ ಹೇಳುವುದಕ್ಕೂ ಈಗ ಯಾರೂ ಬರೆಯುವುದಿಲ್ಲ. ಹಿಂದೆ ಕಾಗದ ಬರೆಯುತ್ತಿದ್ದರಂತೆ, "ವಿಷಾದಿಸುತ್ತೇವೆ" ಅಂತ. ಅಪ್ಪನ ಹತ್ತಿರ ಅಂಥದ್ದೊಂದು ಕಾಗದ ಇನ್ನೂ ಇದೆ, ಮಡಚಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೊತೆ ಇಟ್ಟಿದ್ದಾರೆ. ಬೇಡ ಅಂದ ಕಾಗದವನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂದೆ. "ನನ್ನ ಹೆಸರು ಸರಿಯಾಗಿ ಬರೆದಿದ್ರು" ಅಂದರು.

ಚಿಕ್ಕಪ್ಪನ ಮಗ ಆಗಷ್ಟೇ ಡಿಗ್ರಿ ಮುಗಿಸಿ ಯುವನಿಧಿಗೆ ಅರ್ಜಿ ಹಾಕಿದ್ದ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಸರ್ಕಾರ ಕೊಡುವ ಹಣ. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅದು ಹೊಸದಾಗಿ ಪಾಸಾದವರಿಗೆ. ನನಗೆ ಮೂವತ್ತಾರು. ಅವನೂ ನಾನೂ ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ದು ಗೊತ್ತಾದಾಗ ಇಬ್ಬರಿಗೂ ಬೇಜಾರಾಯಿತು. ಯಾರಿಗೂ ಸಿಗಲಿಲ್ಲ.

ಸಂದರ್ಶನಕ್ಕೆ ನಾಲ್ಕು ಸಲ ಮೈಸೂರಿಗೆ ಹೋದೆ. ನಮ್ಮ ಜಿಲ್ಲೆಗೆ ರೈಲಿಲ್ಲ, ಬಸ್ಸೇ ಗತಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇಲ್ಲದಿದ್ದರೆ ಎರಡು ಸಲಕ್ಕೇ ನಿಲ್ಲಿಸುತ್ತಿದ್ದೆನೋ ಏನೋ. ಆಧಾರ್ ತೋರಿಸಿ ಹಿಂದಿನ ಸೀಟಿನಲ್ಲಿ ಕೂತರೆ ಬೈಲುಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟುವವರೆಗೆ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಒಮ್ಮೆ "ಪರೀಕ್ಷೆನಾ ಮಗಾ?" ಅಂತ ಕೇಳಿ ಕಿತ್ತಳೆ ಕೊಟ್ಟರು.

ಇನ್ನೊಂದು ಥರದ ಸಂದರ್ಶನವೂ ಇದೆ ಈಗ. ಎದುರಿಗೆ ಯಾರೂ ಇರುವುದಿಲ್ಲ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಕ್ಯಾಮೆರಾ ನೋಡಿಕೊಂಡು ಒಂದೂವರೆ ನಿಮಿಷ ಮಾತಾಡಬೇಕು. ಜುಲೈ ತಿಂಗಳು, ಜಡಿಮಳೆ. ಮರ ಬಿದ್ದು ಕರೆಂಟ್ ಹೋಗಿ ಮೂರನೇ ದಿನ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಅಮ್ಮ ಕೊಡೆ ಹಿಡಿದು ನಿಂತರು, ನಾನು ಸ್ಟೂಲಿನ ಮೇಲೆ ಕೂತು ಉತ್ತರ ಹೇಳಿದೆ. ಮಳೆ ಸದ್ದಿಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಆ ಕಡೆ ಅದನ್ನು ಬರೆದುಕೊಳ್ಳುವುದೂ ಒಂದು ಕಂಪ್ಯೂಟರೇ ಅಂತ ನನಗೆ ಗೊತ್ತಿತ್ತು. ಮಳೆಯ ಜಾಗದಲ್ಲಿ ಅದು ಏನು ತುಂಬಿತೋ. ಆ ಖಾನೆಯೂ ಖಾಲಿಯೇ ಉಳಿಯಿತು.

ಮೋಸವೂ ಹೋದೆ. ಮನೆಯಿಂದಲೇ ಡೇಟಾ ಎಂಟ್ರಿ, ನೋಂದಣಿಗೆ 1,200 ಕಟ್ಟಿ ಅಂತ ಮೆಸೇಜ್ ಬಂತು. ಕಟ್ಟಿದೆ. ಮಾರನೇ ದಿನ ಆ ನಂಬರೇ ಇಲ್ಲ. ಅವತ್ತು ರಾತ್ರಿ ತುಂಬಾ ಅತ್ತೆ, ದುಡ್ಡಿಗಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಕೆಲಸ ಕೊಡುವವರು ನಮ್ಮಿಂದ ದುಡ್ಡು ಕೇಳುವುದಿಲ್ಲ. ಇದನ್ನು ಮನೆಯ ಮಕ್ಕಳಿಗೆಲ್ಲ ಹೇಳಿ, ದಯವಿಟ್ಟು.

ನಡುವೆ ಎರಡು ತಿಂಗಳು ಒಂದು ಕೆಲಸ ಮಾಡಿದೆ. ಕಂಪ್ಯೂಟರ್ ಬರೆದದ್ದನ್ನು ಕೇಳಿ, ಎಲ್ಲಿ ಸರಿ ಎಲ್ಲಿ ತಪ್ಪು ಅಂತ ಗುರುತು ಹಾಕುವುದು. ಆ ಗುರುತುಗಳಿಂದ ಅದು ಇನ್ನಷ್ಟು ಕಲಿಯುತ್ತದೆ. ಒಂದೊಂದು ತುಣುಕಿಗೆ ಇಷ್ಟು ಅಂತ ದುಡ್ಡು. ಮನಸ್ಸು ಒಪ್ಪಲಿಲ್ಲ, ಆದರೂ ಮಾಡಿದೆ. ಮನೆ ಖರ್ಚು ಇತ್ತು. ಅಷ್ಟರಲ್ಲಿ ಆ ಕೆಲಸವೂ ಮುಗಿಯಿತು.

ಆ ದಿನಗಳಲ್ಲಿ ನನಗೆ ಜಾಸ್ತಿ ಸಮಾಧಾನ ಕೊಟ್ಟವರು ದೊಡ್ಡಮ್ಮ. ಅವರು ಕೂಡ್ಲೂರಿನ ಕಡೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತೊಂಬತ್ತು ಸೀಸನ್ ಬೀಜ ಆರಿಸಿದವರು. ಗಾರ್ಬ್ಲಿಂಗ್ ಅನ್ನುತ್ತಾರೆ ಅದಕ್ಕೆ. ಉದ್ದನೆಯ ಮೇಜು, ಎರಡೂ ಕಡೆ ಹೆಂಗಸರು. ಕಪ್ಪು ಬೀಜ, ಒಡಕು, ಹುಳ ಕೊರೆದದ್ದು ಎಲ್ಲ ಬೆರಳ ತುದಿಯಲ್ಲಿ ಪಕ್ಕಕ್ಕೆ. ಆಮೇಲೆ ಬಣ್ಣ ನೋಡಿ ಆರಿಸುವ ಮೆಷಿನ್ ಬಂತು. ಗಾಳಿ ಊದಿ ಕೆಟ್ಟ ಬೀಜ ಹಾರಿಸುತ್ತದೆ. ಇವರ ಮೇಜಿನಲ್ಲಿ ಅರವತ್ತು ಜನ ಇದ್ದದ್ದು ಎಂಟು ಜನ ಆಯಿತು. ದೊಡ್ಡಮ್ಮ ಆ ಎಂಟರಲ್ಲಿ ಒಬ್ಬರಾಗಿ ಇನ್ನೂ ನಾಲ್ಕು ಸೀಸನ್ ಇದ್ದರು. "ಹೇಗೆ ಉಳಿಸಿಕೊಂಡ್ರು ದೊಡ್ಡಮ್ಮ?" ಅಂತ ಕೇಳಿದೆ.

"ಮೆಷಿನ್‌ಗೆ ಕಪ್ಪು ಕಾಣುತ್ತೆ. ನಾತ ಕಾಣಲ್ಲ" ಅಂದರು.

ಸ್ಟಿಂಕರ್ ಅಂತ ಒಂದು ಬೀಜ ಇರುತ್ತದೆ. ಹುಳಿ ಬರಿಸುವಾಗ ಜಾಸ್ತಿ ಹೊತ್ತು ತೊಟ್ಟಿಯಲ್ಲೇ ಉಳಿದು ಕೊಳೆತ ಬೀಜ. ಹೊರಗಿಂದ ನೋಡಿದರೆ ಚೆನ್ನಾಗಿಯೇ ಇರಬಹುದು. ಒಡೆದರೆ ಕೆಟ್ಟ ವಾಸನೆ. ಒಂದೆರಡು ಸೇರಿದರೂ ಲೋಟದ ಕಾಫಿ ಹಾಳು. ದೊಡ್ಡಮ್ಮ ಬೆರಳಲ್ಲಿ ಹಿಡಿದರೆ ಅನುಮಾನ ಬರುತ್ತಿತ್ತಂತೆ. ಅನುಮಾನ ಬಂದದ್ದನ್ನು ಬೇರೆ ತಟ್ಟೆಗೆ ಹಾಕುತ್ತಿದ್ದರು. ಒಳ್ಳೆಯದಕ್ಕೂ ಅಲ್ಲ, ಕೆಟ್ಟದ್ದಕ್ಕೂ ಅಲ್ಲ, ಮೂರನೇ ತಟ್ಟೆಗೆ. ಆ ಮೂರನೇ ತಟ್ಟೆ ಕೇಳಿ ನನಗೆ ಮೈ ಜುಂ ಅಂತು.

ಅವತ್ತೇ ರೆಸ್ಯೂಮೆ ಮತ್ತೆ ಬರೆದೆ. ಅಷ್ಟು ದಿನ ಎಲ್ಲರೂ ಹೇಳಿದ್ದು ಒಂದೇ, ಖಾಲಿ ತಿಂಗಳು ತೋರಿಸಬೇಡ, ಏನಾದರೂ ತುಂಬು. ಫ್ರೀಲ್ಯಾನ್ಸ್ ಅಂತ ಹಾಕು, ಕನ್ಸಲ್ಟೆಂಟ್ ಅಂತ ಹಾಕು. ನಾನೂ ತುಂಬಿದ್ದೆ. ಅದನ್ನು ತೆಗೆದೆ. 2025ರ ಫೆಬ್ರುವರಿಯಿಂದ ಕೆಲಸ ಇಲ್ಲ, ಹುಡುಕುತ್ತಿದ್ದೇನೆ ಅಂತ ಬರೆದೆ. ಕೆಳಗೆ, ಟ್ರಾನ್ಸ್‌ಕ್ರಿಪ್ಷನ್ ಅನ್ನುವ ಒಂದು ಪದದ ಬದಲು, ಏನು ಮಾಡುತ್ತಿದ್ದೆ ಅಂತ ಬಿಡಿಸಿ ಬರೆದೆ. ದಾಖಲೆ ಓದುತ್ತೇನೆ, ಹೊಂದದ್ದನ್ನು ಗುರುತಿಸುತ್ತೇನೆ, ಗೊತ್ತಿಲ್ಲದ್ದನ್ನು ತುಂಬುವುದಿಲ್ಲ ಅಂತ.

ಸೆಪ್ಟೆಂಬರಿನಲ್ಲಿ ಅಪ್ಪ ಉಳಿದಿದ್ದ ಮೂರು ಮೂಟೆ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಮಾರಲು ಕುಶಾಲನಗರಕ್ಕೆ ಹೋದರು. 2024ರಲ್ಲಿ 50 ಕೆಜಿ ಮೂಟೆಗೆ ಹತ್ತು ಸಾವಿರ ದಾಟಿದ ಮೇಲೆ ನಮ್ಮಂಥ ಚಿಕ್ಕ ಬೆಳೆಗಾರರೂ ಸ್ವಲ್ಪ ಸ್ವಲ್ಪ ಇಟ್ಟುಕೊಂಡು ಮಾರುವುದು ಕಲಿತಿದ್ದಾರೆ. ಅಲ್ಲಿ ಕಾಫಿ ಕೊಳ್ಳುವ ಕಂಪನಿಯವರು ಆರ್‌ಟಿಸಿ, ಅಂದರೆ ಜಮೀನಿನ ಪಹಣಿ ಕೇಳಿದರಂತೆ, ತೋಟ ಎಲ್ಲಿದೆ, ಮ್ಯಾಪ್ ಆಗಿದೆಯಾ ಅಂತ. ಅಪ್ಪ ವಾಪಸ್ ಬಂದು, "ಅಲ್ಲಿ ಬರೆಯೋರು ಬೇಕಂತೆ" ಅಂದರು. ಅಷ್ಟು ತಿಂಗಳು ನಾನು ಫೋನಿನಲ್ಲಿ ಹುಡುಕುತ್ತಿದ್ದ ಕೆಲಸದ ಸುದ್ದಿ ತೂಕದ ಯಂತ್ರದ ಪಕ್ಕದಲ್ಲಿ ಅಪ್ಪನ ಕಿವಿಗೆ ಬಿದ್ದಿತ್ತು.

ವಿಷಯ ಏನು ಅಂದರೆ, ನಮ್ಮ ಕಾಫಿ ಜಾಸ್ತಿ ಹೋಗುವುದು ಯುರೋಪಿಗೆ, ಅದರಲ್ಲೂ ಇಟಲಿ, ಜರ್ಮನಿಗೆ. 2023ರಲ್ಲಿ ಯುರೋಪಿನವರು ಒಂದು ಕಾನೂನು ಮಾಡಿದರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಅಲ್ಲಿಗೆ ಬರಬಾರದು. ಅದಕ್ಕೆ ಪ್ರತಿ ತೋಟ ಭೂಮಿಯ ಮೇಲೆ ಎಲ್ಲಿದೆ ಅಂತ ತೋರಿಸಬೇಕು. ನಾಲ್ಕು ಹೆಕ್ಟೇರ್, ಅಂದರೆ ಹೆಚ್ಚು ಕಡಿಮೆ ಹತ್ತು ಎಕರೆಗಿಂತ ದೊಡ್ಡ ತೋಟವಾದರೆ ಸುತ್ತಲ ಗಡಿ ಪೂರ್ತಿ ಬೇಕು. ಅದಕ್ಕಿಂತ ಚಿಕ್ಕದಾದರೆ ಒಂದು ಚುಕ್ಕೆ ಸಾಕು. ಅದರ ಅಕ್ಷಾಂಶ, ರೇಖಾಂಶ ದಶಾಂಶ ಬಿಂದುವಿನ ನಂತರ ಆರು ಅಂಕಿಯವರೆಗೆ ಇರಬೇಕು. ನಾನು ಈಗ ಇರುವ ಆ ಕಾಫಿ ಕಂಪನಿಯಲ್ಲಿ ಚಿಕ್ಕ ತೋಟಕ್ಕೂ ಗಡಿ ನಡೆದು ಬಾ ಅನ್ನುತ್ತಾರೆ.

ಸಂದರ್ಶನದಲ್ಲಿ ಮ್ಯಾನೇಜರ್ ನನ್ನ ಮುಂದೆ ಬೆಳೆಗಾರರ ಇಪ್ಪತ್ತು ಅರ್ಜಿ ಹಾಕಿ, ತಪ್ಪಿದ್ದರೆ ನೋಡಿ ಅಂದರು. ಎರಡು ಅರ್ಜಿಯಲ್ಲಿ ಒಂದೇ ಸರ್ವೆ ನಂಬರ್, ಒಂದೇ ವಿಸ್ತೀರ್ಣ, ಬೇರೆ ಬೇರೆ ಹೆಸರು. ಪೆನ್ಸಿಲಿನಲ್ಲಿ ಸುತ್ತು ಹಾಕಿ ಕೊಟ್ಟೆ. "ಸರಿ ಮಾಡ್ಲಿಲ್ವಾ?" ಅಂತ ಕೇಳಿದರು. ಯಾವುದು ಸರಿ ಅಂತ ನನಗೆ ಗೊತ್ತಿಲ್ಲ ಸರ್, ಅಂದೆ. ಅಕ್ಟೋಬರ್ 6ಕ್ಕೆ ಬನ್ನಿ ಅಂದರು.

18,500 ಸಂಬಳ, ಪೆಟ್ರೋಲ್ ಬೇರೆ. ಹಿಂದೆ ಸಿಗುತ್ತಿದ್ದುದು 24,000. ಕರಾರು ಹನ್ನೊಂದು ತಿಂಗಳು. ಹನ್ನೊಂದೇ ಯಾಕೆ ಅಂತ ಕೇಳಿದ್ದಕ್ಕೆ ಕಂಪನಿ ರೂಲ್ಸು ಅಂದರು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಂತೆ ಅವಧಿ ಕರಾರಿನವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಿಗಬೇಕು. ಹನ್ನೊಂದು ತಿಂಗಳಿಗೆ ಸಿಗುವುದಿಲ್ಲ. ಇದು ನನಗೆ ಸರಿ ಅನ್ನಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಕರಾರು ಮುಗಿಯುವಾಗ ಮತ್ತೆ ಕೇಳುತ್ತೇನೆ. ಇನ್ನೊಂದು, ಆ ಯುರೋಪಿನ ಕಾನೂನೂ ಎರಡು ಸಲ ಮುಂದೆ ಹೋಗಿದೆ. 2024ರ ಡಿಸೆಂಬರಿನಿಂದ 2025ಕ್ಕೆ, ಅಲ್ಲಿಂದ ಈಗ 2026ರ ಡಿಸೆಂಬರಿಗೆ. ಮುಂದೆ ಹೋದಾಗ ಆಫೀಸಿನಲ್ಲಿ ನಮ್ಮನ್ನು ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವ ಮಾತು ಏಳುತ್ತದೆ. ಕಾಫಿ ಬೆಳೆಗಾರರು ಹೂಮಳೆಗೆ ಕಾಯುವ ಹಾಗೆ ನಾನು ಆ ಸುದ್ದಿಗೆ ಕಾಯುತ್ತೇನೆ.

ಆದರೆ ಕೆಲಸ ಇಷ್ಟವಾಗಿದೆ. ಹದಿಮೂರು ವರ್ಷ ಕುರ್ಚಿಯಲ್ಲಿ ಕೂತ ಮೇಲೆ ಈಗ ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ತೋಟದಲ್ಲಿ ನಡೆಯುತ್ತೇನೆ. ಆನೆ ಬಂದಿದೆಯಾ ಅಂತ ಮೊದಲು ವಾಟ್ಸಾಪ್ ನೋಡಿ ಹೊರಡುವುದು. ಜನ ಮೊದಮೊದಲು ಹೆದರುತ್ತಾರೆ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯ ಕಾಲದಿಂದ ಯಾರು ಫೋನ್ ಹಿಡಿದು ತೋಟ ಅಳೆದರೂ ಕೊಡಗಿನಲ್ಲಿ ಒಂದು ಭಯ ಇದೆ. "ಜಾಗ ಹೋಗುತ್ತಾ ಮೇಡಂ?" ಅಂತಲೇ ಮೊದಲ ಪ್ರಶ್ನೆ. ಇಲ್ಲ ಅಂತ ವಿವರಿಸಿ, ಅವರ ಕೈಗೇ ಫೋನ್ ಕೊಟ್ಟು, ಅವರ ಗಡಿಯನ್ನು ಅವರೇ ನಡೆಯುವ ಹಾಗೆ ಮಾಡುತ್ತೇನೆ.

ಹೋದ ವಾರ ಮಾದಾಪುರದ ಆಚೆ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಒಬ್ಬರೇ ಇರುವುದು. ಕಾಫಿ, ಒಂದಿಷ್ಟು ಏಲಕ್ಕಿ. ಆರ್‌ಟಿಸಿ ಇನ್ನೂ ಅವರ ಗಂಡನ ತಾತನ ಹೆಸರಿನಲ್ಲಿದೆ. ನಮ್ಮ ಕಡೆ ಇದು ಹೊಸದೇನಲ್ಲ. ಪಹಣಿಯಲ್ಲಿ ಮೂರೂವರೆ ಎಕರೆ. ಅಜ್ಜಿ ಮುಂದೆ, ನಾನು ಹಿಂದೆ ಗಡಿ ನಡೆಯುತ್ತಾ ಮೇಲಿನ ಬದಿಗೆ ಬಂದೆವು. ಅಲ್ಲಿಗೆ ತೋಟ ನಿಂತಿತು. ಮುಂದೆ ಕೆಂಪು ಮಣ್ಣಿನ ಇಳಿಜಾರು, ಕುರುಚಲು ಗಿಡ. ಅಜ್ಜಿ ಗಾಳಿಯಲ್ಲಿ ಕೈ ತೋರಿಸಿ, "ಬೇಲಿ ಅಲ್ಲಿತ್ತು" ಅಂದರು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಆ ತುಂಡು ಹೋಗಿದೆ. ಕಾಗದದಲ್ಲಿ ಇದೆ, ನೆಲದ ಮೇಲೆ ಇಲ್ಲ.

ಆ್ಯಪಿನಲ್ಲಿ ಮಾಲೀಕರ ಹೆಸರು ತುಂಬದೆ ಮುಂದೆ ಹೋಗುವುದಿಲ್ಲ. ಮರ ಇಲ್ಲದ ಜಾಗ ಅಂದರೆ ಕಾರಣ ಆರಿಸಬೇಕು. ಕಡಿದದ್ದು, ಬೆಂಕಿ, ಹೊಸ ನಾಟಿ. ಗುಡ್ಡ ಜಾರಿದ್ದಕ್ಕೆ ಆಯ್ಕೆಯೇ ಇಲ್ಲ. ಆಫೀಸಿಗೆ ಫೋನ್ ಮಾಡಿದೆ. "ತಾತನ ಹೆಸರೇ ಹಾಕಿ, ಹೊಸ ನಾಟಿ ಅಂತ ಒತ್ತಿ ಮುಗಿಸಿ ಮೇಡಂ" ಅಂದ ಅಲ್ಲಿನ ಹುಡುಗ. ಕೆಟ್ಟವನಲ್ಲ. ಅವನಿಗೆ ದಿನಕ್ಕೆ ಇಷ್ಟು ತೋಟ ಅಂತ ಲೆಕ್ಕ ಇದೆ. ಆದರೆ ಹೊಸ ನಾಟಿ ಅಂತ ಒಮ್ಮೆ ಬಿದ್ದರೆ, ಯಾವಾಗ ನೆಟ್ಟರು, ಏನು ಕಡಿದು ನೆಟ್ಟರು ಅಂತ ನಾಳೆ ಪ್ರಶ್ನೆ ಬರುವುದು ಅಜ್ಜಿಗೆ. ಅವರ ಕಾಫಿಯನ್ನು ಬೇಡ ಅಂದುಬಿಟ್ಟರೆ? ನಾನು ಒತ್ತಲಿಲ್ಲ. ಫೋಟೊ ತೆಗೆದು, ಜಾರಿದ ಅಂಚಿನ ಉದ್ದಕ್ಕೂ ನಡೆದು ಚುಕ್ಕೆ ಹಾಕಿ, ಅರ್ಧಕ್ಕೇ ಸೇವ್ ಮಾಡಿದೆ. ಪಟ್ಟಿಯಲ್ಲಿ ಆ ತೋಟ ಕೆಂಪಗೆ ಪೆಂಡಿಂಗ್ ಅಂತ ಕೂತಿದೆ. ಮ್ಯಾನೇಜರಿಗೆ ಬರೆದಿದ್ದೇನೆ, ಗುಡ್ಡ ಜಾರಿದ ಜಾಗಕ್ಕೆ ಒಂದು ಆಯ್ಕೆ ಬೇಕು, ಖಾತೆ ಬದಲಾಗದವರಿಗೆ ಇನ್ನೊಂದು ಬೇಕು ಅಂತ. ಮೇಲೆ ಕಳಿಸಿದ್ದೇನೆ ಅಂದಿದ್ದಾರೆ.

ಅಜ್ಜಿ ಕಾಫಿ ಕೊಟ್ಟು, ಟ್ರಂಕಿನಲ್ಲಿ ಗಂಡನ ಕಾಲದ ಕಾಗದ ಇದೆ, ನನಗೆ ಓದಲು ಬರುವುದಿಲ್ಲ, ತಿಳಿದವರಿದ್ದರೆ ಕರೆದುಕೊಂಡು ಬಾ ಅಂದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ. ಹಳೇ ಅಕ್ಷರ ಸಣ್ಣಗಿರುತ್ತದೆ ಅಂತ ಅಪ್ಪ ನಿನ್ನೆಯೇ ಕುಶಾಲನಗರಕ್ಕೆ ಹೋಗಿ ಕನ್ನಡಕದ ಗಾಜು ಬದಲಿಸಿಕೊಂಡು ಬಂದಿದ್ದಾರೆ.